ಗಾಯಗೊಂಡ ಬೀದಿನಾಯಿಯ ಚೇತರಿಕೆ: ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕಾದ ಪ್ರಶ್ನೆ

ಮಾನ್ಯರೇ,

ರಸ್ತೆಯಲ್ಲಿ ಗಾಯಗೊಂಡು ಬಿದ್ದಿದ್ದ ನಾಯಿಯೊಂದು ಶಸ್ತ್ರಚಿಕಿತ್ಸೆಯಿಂದ ಎದ್ದು ನಿಂತು, ಕೊನೆಗೆ ಯಾರದೋ ಮನೆ ಸೇರಿತು ಎಂಬ ಸುದ್ದಿಯನ್ನು ನಾವೆಲ್ಲ ಆಗಾಗ ಓದಿ ಸಂತೋಷಪಡುತ್ತೇವೆ. ಅಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ಒಂದೇ ಕ್ರಮ ಕಾಣುತ್ತದೆ. ಮೊದಲು ಅಪಘಾತ, ಆಮೇಲೆ ಆಪರೇಷನ್, ಎಲ್ಲ ಮುಗಿದ ಮೇಲೆ ದತ್ತು. ಬಹುಕಾಲ ಪಶುವೈದ್ಯನಾಗಿ, ಅದರಲ್ಲೂ ಮುರಿದ ಮೂಳೆಗಳನ್ನು ಕೂಡಿಸುವ ಕೆಲಸವನ್ನೇ ಹೆಚ್ಚಾಗಿ ಮಾಡಿದ ನನಗೆ ಈ ಕ್ರಮ ತಲೆಕೆಳಗಾಗಿದೆ ಎನ್ನಿಸುತ್ತದೆ. ಯಾವ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ನಿರ್ಧರಿಸುವ ಹೊತ್ತಿಗೇ ಆ ನಾಯಿ ಮುಂದಿನ ಎರಡು ತಿಂಗಳು ಎಲ್ಲಿ ಮಲಗುತ್ತದೆ, ಅದಕ್ಕೆ ಯಾರು ಔಷಧಿ ಕೊಡುತ್ತಾರೆ, ಯಾರು ಅದರ ಕಾಲನ್ನು ಹಿಡಿದು ಆಡಿಸುತ್ತಾರೆ ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದಿದ್ದರೆ ಎಷ್ಟೇ ಅಚ್ಚುಕಟ್ಟಾದ ಆಪರೇಷನ್ ಕೂಡ ಹಾಳಾಗುವ ಸಾಧ್ಯತೆ ಇದೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಅದಕ್ಕೆ ಆಧಾರವಾಗಿ ಒಂದು ನಾಯಿಯ ಚಿಕಿತ್ಸೆಯನ್ನು ಮೊದಲಿನಿಂದ ಕೊನೆಯವರೆಗೆ ತಮ್ಮ ಮುಂದೆ ಇಡುತ್ತೇನೆ.

ಆ ನಾಯಿಯ ಹೆಸರು ಕೆಂಚಿ. ಮೈಸೂರಿನ ರಿಂಗ್ ರಸ್ತೆಯ ಪಕ್ಕದಲ್ಲಿ ಟೀ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳೊಬ್ಬರು ಅದರ ಮೈಬಣ್ಣ ನೋಡಿ ಇಟ್ಟ ಹೆಸರು ಅದು. ಬೆಳಗಿನ ಜಾವ ಯಾವುದೋ ವಾಹನ ಅದಕ್ಕೆ ಬಡಿದು ನಿಲ್ಲದೆ ಹೋಗಿತ್ತು. ಆಕೆ ಫೋನಿನಲ್ಲಿ ಹೇಳಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ. "ಸಾರ್, ಎದ್ದೇಳೋಕ್ ಆಗ್ತಿಲ್ಲ, ಆದ್ರೆ ಹೆಸರು ಹಿಡಿದು ಕರೆದ್ರೆ ಬಾಲ ಆಡಿಸುತ್ತೆ." ಆಕೆಗೆ ತಿಳಿಯದೆಯೇ ಬಹಳ ಮುಖ್ಯವಾದ ವಿಷಯವೊಂದನ್ನು ಆಕೆ ಹೇಳಿಬಿಟ್ಟಿದ್ದರು. ಕರೆದಾಗ ಬಾಲ ಆಡಿಸುತ್ತದೆ ಎಂದರೆ ಮಿದುಳಿನ ಸಂದೇಶ ಬೆನ್ನುಹುರಿಯ ಮೂಲಕ ಬಾಲದವರೆಗೆ ತಲುಪುತ್ತಿದೆ ಎಂದರ್ಥ. ಹಿಂಗಾಲು ಎತ್ತಲಾಗದೆ ಬಿದ್ದಿರುವ ನಾಯಿಯನ್ನು ಕಂಡ ತಕ್ಷಣ ಸೊಂಟ ಮುರಿದಿದೆ, ಇನ್ನು ಬದುಕುವುದಿಲ್ಲ ಎಂದು ತೀರ್ಮಾನಿಸುವ ಜನ ಬಹಳ. ಆದರೆ ಬೆನ್ನುಹುರಿ ಉಳಿದಿರುವ ನಾಯಿಯ ಭವಿಷ್ಯವೇ ಬೇರೆ, ಹುರಿ ಹರಿದುಹೋದ ನಾಯಿಯ ಭವಿಷ್ಯವೇ ಬೇರೆ.

ರಸ್ತೆಬದಿಯ ಆ ಮೊದಲ ಗಳಿಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಪತ್ರೆಯಲ್ಲಿ ನಾವು ಏನು ಮಾಡಲು ಸಾಧ್ಯ ಎಂಬುದನ್ನು ಬಹಳಷ್ಟು ಸಲ ಆ ಗಳಿಗೆಯೇ ನಿರ್ಧರಿಸುತ್ತದೆ. ನೋವಿನಲ್ಲಿರುವ ನಾಯಿ, ನೀವು ದಿನವೂ ಅನ್ನ ಹಾಕುವ ನಾಯಿಯಾದರೂ ಸರಿ, ಕಚ್ಚುತ್ತದೆ. ಆದ್ದರಿಂದ ಮೊದಲು ಅಗಲವಾದ ಬಟ್ಟೆಪಟ್ಟಿಯಿಂದ ಮೂತಿಯನ್ನು ಸುತ್ತಿ ಕಿವಿಗಳ ಹಿಂದೆ ಗಂಟು ಹಾಕಬೇಕು. ಉಸಿರಾಡಲು ಕಷ್ಟಪಡುತ್ತಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮಾತ್ರ ಬಾಯಿ ಕಟ್ಟಬಾರದು. ಎತ್ತುವಾಗ ಕಾಲು ಹಿಡಿದು ಎಳೆಯದೆ, ಗಟ್ಟಿಯಾದ ಹಲಗೆಯ ಮೇಲೋ ನಾಲ್ಕು ಮೂಲೆ ಬಿಗಿಯಾಗಿ ಹಿಡಿದ ಗೋಣಿಚೀಲದ ಮೇಲೋ ಇಡೀ ದೇಹವನ್ನು ಒಂದೇ ಸಲಕ್ಕೆ ಜಾರಿಸಿಕೊಳ್ಳಬೇಕು. ಮುರಿದ ಕಾಲಿಗೆ ಬಿದಿರುಕಡ್ಡಿ ಇಟ್ಟು ಕಟ್ಟುವ ಪ್ರಯತ್ನ ಬೇಡ. ತೊಡೆಮೂಳೆ ಮುರಿದಾಗ ಅಂಥ ಕಟ್ಟು ಮುರಿತದ ಜಾಗದವರೆಗೆ ತಲುಪುವುದೇ ಇಲ್ಲ, ಬದಲಿಗೆ ಕೆಳಗಿನ ಭಾರವನ್ನು ಹೆಚ್ಚಿಸಿ ಮುರಿದ ತುದಿಗಳನ್ನು ಇನ್ನಷ್ಟು ಅಲುಗಾಡಿಸುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಮನುಷ್ಯರಿಗೆ ಕೊಡುವ ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ರಕ್ತ ಕಳೆದುಕೊಂಡು ಸೊರಗಿರುವ ನಾಯಿಯಲ್ಲಿ ಈ ಹಾನಿ ಇನ್ನೂ ಬೇಗ ಆಗುತ್ತದೆ. ಬಾಯಿಗೆ ನೀರು ಹೊಯ್ಯುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಲ್ಲು ತಗುಲಿದರೆ ಆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯನ್ನು ಆರಂಭಿಸಬೇಕು. ನಾಯಿ ಗಾಯಗೊಂಡಿದೆ ಎಂಬ ಕನಿಕರದಲ್ಲಿ ಈ ಒಂದು ವಿಷಯದಲ್ಲಿ ಉದಾಸೀನ ಮಾಡುವವರನ್ನು ನಾನು ಕಂಡಿದ್ದೇನೆ. ರೇಬೀಸ್ ರೋಗದ ಲಕ್ಷಣಗಳು ಮನುಷ್ಯರಲ್ಲಿ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಬೀದಿನಾಯಿಗಳ ರಕ್ಷಣೆಯಲ್ಲಿ ನಿರಂತರವಾಗಿ ತೊಡಗಿರುವವರು ಕಚ್ಚಿಸಿಕೊಳ್ಳುವ ಮೊದಲೇ ಮುನ್ನೆಚ್ಚರಿಕೆಯ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಕೆಂಚಿ ಬಂದಾಗ ಎಲ್ಲರ ಕಣ್ಣೂ ವಕ್ರವಾಗಿ ತಿರುಗಿದ್ದ ಅದರ ಎಡ ಹಿಂಗಾಲಿನ ಮೇಲೆಯೇ ಇತ್ತು. ನಾನು ಆ ಕಾಲನ್ನು ಮುಟ್ಟುವ ಮೊದಲು ತುಟಿ ಸರಿಸಿ ಒಸಡನ್ನು ನೋಡಿದೆ. ಆರೋಗ್ಯವಾಗಿರುವ ನಾಯಿಯ ಒಸಡು ಗುಲಾಬಿ ಬಣ್ಣದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕೆಂಚಿಯ ಒಸಡು ಬಿಳಿಚಿಕೊಂಡಿತ್ತು, ಬಣ್ಣ ಮರಳುವುದು ನಿಧಾನವಾಗಿತ್ತು. ವಾಹನ ಬಡಿದ ನಾಯಿ ಸಾಯುವುದು ಮುರಿದ ಕಾಲಿನಿಂದ ಅಪರೂಪ. ಅದನ್ನು ಕೊಲ್ಲುವುದು ಒಳಗೆ ಸುರಿದ ರಕ್ತ, ಎದೆಗೂಡಿನಲ್ಲಿ ಸೇರಿಕೊಂಡ ಗಾಳಿ, ಒಡೆದ ಮೂತ್ರಕೋಶ, ಹರಿದ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪೊರೆ. ಆದ್ದರಿಂದ ಡ್ರಿಪ್ ಹಾಕಿ, ಆಮ್ಲಜನಕ ಕೊಟ್ಟು, ನೋವು ತಗ್ಗಿಸುವ ಚುಚ್ಚುಮದ್ದು ಕೊಟ್ಟು, ಮೊದಲ ಎಕ್ಸ್‌ರೇಯನ್ನು ಎದೆಯದ್ದೇ ತೆಗೆದೆವು. ಮೂತ್ರ ಮಾಡುತ್ತದೆಯೇ ಎಂದು ಕಾದು ನೋಡಿದೆವು. ಮೂಳೆಯ ಚಿಂತೆ ಆಮೇಲಿನದು. "ಇವತ್ತೇ ಆಪರೇಷನ್ ಮಾಡಿಬಿಡಿ" ಎಂದು ಒತ್ತಾಯಿಸುವ ರಕ್ಷಕರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಆಘಾತದಿಂದ ಇನ್ನೂ ಹೊರಬಾರದ ನಾಯಿಗೆ ಅರಿವಳಿಕೆ ಕೊಟ್ಟರೆ ಅದು ಮೇಜಿನ ಮೇಲೆಯೇ ಹೋಗಬಹುದು.

ಸಂಜೆಯ ಹೊತ್ತಿಗೆ ಒಸಡಿಗೆ ಬಣ್ಣ ಬಂದಿತ್ತು. ಆಗ ತೆಗೆದ ಎರಡನೆಯ ಎಕ್ಸ್‌ರೇಯಲ್ಲಿ ಎರಡು ಗಾಯಗಳು ಕಂಡವು. ಸೊಂಟದ ಮೂಳೆಯಲ್ಲಿ ಒಂದು ಬಿರುಕು. ಅದು ದೇಹದ ಭಾರ ಹೊರುವ ಭಾಗದಲ್ಲಿ ಇರಲಿಲ್ಲ, ಮಲ ಹೋಗುವ ದಾರಿಯನ್ನೂ ಕಿರಿದು ಮಾಡಿರಲಿಲ್ಲ, ಆದ್ದರಿಂದ ವಿಶ್ರಾಂತಿಯಿಂದಲೇ ಕೂಡಿಕೊಳ್ಳುವಂಥದ್ದು. ಎರಡನೆಯದು ತೊಡೆಮೂಳೆಯ ಕೆಳತುದಿಯಲ್ಲಿ, ಮೊಣಕಾಲಿಗೆ ಸ್ವಲ್ಪ ಮೇಲೆ. ಬಾಯಲ್ಲಿ ಶಾಶ್ವತ ಹಲ್ಲುಗಳು ಆಗಷ್ಟೇ ಪೂರ್ತಿಯಾಗಿದ್ದವು, ಅಂದರೆ ಕೆಂಚಿಗೆ ಹೆಚ್ಚೆಂದರೆ ಏಳು ತಿಂಗಳು. ಆ ವಯಸ್ಸಿನಲ್ಲಿ ಮೂಳೆಯ ತುದಿಗಳಲ್ಲಿ ಉದ್ದ ಬೆಳೆಯುವ ಮೃದ್ವಸ್ಥಿಯ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಪೆಟ್ಟು ಬಿದ್ದಾಗ ಮೂಳೆ ಅಲ್ಲಿಯೇ ಕಳಚಿಕೊಳ್ಳುತ್ತದೆ. ನಾವು ನೋಡುವ ಮರಿನಾಯಿಗಳಲ್ಲಿ ಇದು ಅತಿ ಸಾಮಾನ್ಯವಾದ ಮುರಿತಗಳಲ್ಲಿ ಒಂದು.

ಇಲ್ಲಿ ನಿಜವಾದ ಪ್ರಶ್ನೆ ಎದುರಾಯಿತು. ಈ ಕಾಲಿಗೆ ನಾನು ಎರಡು ಕೆಲಸಗಳಲ್ಲಿ ಒಂದನ್ನು ಮಾಡಬಹುದಿತ್ತು. ಕಳಚಿದ ತುದಿಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ತೆಳುವಾದ ಉಕ್ಕಿನ ಪಿನ್ನುಗಳನ್ನು ಅಡ್ಡಡ್ಡ ದಾಟಿಸಿ ಹಿಡಿದು ನಿಲ್ಲಿಸುವುದು ಒಂದು. ಕಾಲನ್ನೇ ತೊಡೆಯ ಮೇಲ್ಭಾಗದಲ್ಲಿ ತೆಗೆದುಬಿಡುವುದು ಇನ್ನೊಂದು. ಎರಡನೆಯದನ್ನು ಕೇಳಿದ ಕೂಡಲೇ ಜನ ಬೆಚ್ಚುತ್ತಾರೆ, ವೈದ್ಯರು ಸುಲಭದ ದಾರಿ ಹಿಡಿದರು ಎಂದುಕೊಳ್ಳುತ್ತಾರೆ. ಹಾಗೆ ತಿಳಿಯುವುದು ನ್ಯಾಯವಲ್ಲ. ನಿಂತ ನಾಯಿಯ ದೇಹದ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಮುಂಗಾಲುಗಳು ಹೊರುತ್ತವೆ, ಹಿಂಗಾಲುಗಳಿಗೆ ಉಳಿಯುವುದು 40 ಭಾಗ ಮಾತ್ರ. ಆದ್ದರಿಂದ ಒಂದು ಹಿಂಗಾಲು ಕಳೆದುಕೊಂಡ ನಾಯಿ, ಅದರಲ್ಲೂ ಎಳೆಯದು, ಆಶ್ಚರ್ಯವೆನಿಸುವಷ್ಟು ಬೇಗ ಓಡಾಡಲು ಕಲಿಯುತ್ತದೆ. ಹೊಲಿಗೆ ಹತ್ತು ಹದಿನಾಲ್ಕು ದಿನಕ್ಕೆ ಬಿಚ್ಚಬಹುದು, ಆಮೇಲೆ ವಿಶೇಷ ಆರೈಕೆ ಬೇಕಿಲ್ಲ. ಪಿನ್ನು ಹಾಕಿದ ಕಾಲಿಗಾದರೋ ವಾರಗಟ್ಟಲೆ ಓಟ, ನೆಗೆತ, ಮೆಟ್ಟಿಲು ಯಾವುದೂ ಕೂಡದು, ಜೊತೆಗೆ ದಿನಕ್ಕೆ ಹಲವು ಬಾರಿ ವ್ಯಾಯಾಮ ಬೇಕು, ಮತ್ತೆ ಮತ್ತೆ ಎಕ್ಸ್‌ರೇ ಬೇಕು.

ಹಾಗಾಗಿ ನಾನು ಟೀ ಅಂಗಡಿಯ ಆಕೆಯನ್ನೂ, ಆಕೆಯೊಂದಿಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗರನ್ನೂ ಕೂರಿಸಿಕೊಂಡು ಕೇಳಿದೆ: ಇದು ಮುಂದೆ ಎಲ್ಲಿರುತ್ತದೆ? ಹುಡುಗರು ಹಾಸ್ಟೆಲಿನವರು. ಆಕೆಯದು ಒಂದೇ ಕೋಣೆಯ ಮನೆ, ದಿನವಿಡೀ ಅಂಗಡಿಯಲ್ಲಿ ಇರಬೇಕು. "ಅಂಗಡಿ ಹತ್ರಾನೇ ಇಟ್ಕೋತೀನಿ ಸಾರ್" ಎಂದರು. ಅಂಗಡಿಯ ಹತ್ತಿರ ಎಂದರೆ ರಿಂಗ್ ರಸ್ತೆಯ ಅಂಚು. ಪಿನ್ನು ಹಾಕಿದ ನಾಯಿಯನ್ನು ಅಲ್ಲಿ ಬಿಟ್ಟರೆ ಅದು ಮೊದಲ ವಾರದಲ್ಲೇ ಇನ್ನೊಂದು ನಾಯಿಯನ್ನು ಅಟ್ಟಿಕೊಂಡು ಓಡುತ್ತದೆ, ಪಿನ್ನು ಜರುಗುತ್ತದೆ, ಮೂಳೆ ವಕ್ರವಾಗಿ ಕೂಡುತ್ತದೆ ಇಲ್ಲವೇ ಕೀವು ಹಿಡಿಯುತ್ತದೆ. ಕಾಲು ತೆಗೆದು ಬಿಟ್ಟರೆ ಗಾಯವೇನೋ ಮಾಗುತ್ತದೆ, ಆದರೆ ಮೂರು ಕಾಲಿನ ಎಳೆಯ ಹೆಣ್ಣುನಾಯಿ ವೇಗದ ವಾಹನಗಳ ನಡುವೆ, ಗಡಿಗಾಗಿ ಕಾದಾಡುವ ನಾಯಿಗಳ ನಡುವೆ ಎಷ್ಟು ದಿನ ಬಾಳೀತು? ಮನೆ ಸಿಕ್ಕರೆ ಕಾಲು ಉಳಿಸಬಹುದು. ಸಿಗದಿದ್ದರೆ ಕಾಲು ತೆಗೆಯುವುದೂ ಪೂರ್ತಿ ಪರಿಹಾರವಲ್ಲ. ಒಂದೇ ಮೂಳೆ, ಒಂದೇ ಮುರಿತ, ಆದರೆ ಸರಿಯಾದ ಶಸ್ತ್ರಚಿಕಿತ್ಸೆ ಯಾವುದು ಎಂಬುದನ್ನು ಎಕ್ಸ್‌ರೇ ಒಂದೇ ಹೇಳಲಾರದು.

ನಮಗೆ ಯೋಚಿಸಲು ಇದ್ದ ಸಮಯವೂ ಕಡಿಮೆ. ಎಳೆಯ ಮೂಳೆ ಬಹಳ ಬೇಗ ಕೂಡಿಕೊಳ್ಳಲು ಹೊರಡುತ್ತದೆ. ಇಂಥ ಮುರಿತವನ್ನು ಕೆಲವೇ ದಿನಗಳಲ್ಲಿ ಸರಿಪಡಿಸದಿದ್ದರೆ ತುದಿಗಳು ಜಾರಿದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸಿ ಕೂರಿಸುವುದು ಕಷ್ಟ. ಅದರ ನಡುವೆ ರಕ್ತಪರೀಕ್ಷೆ ಇನ್ನೊಂದು ತೊಡಕು ತಂದಿತು. ಕೆಂಚಿಯ ಕಿವಿಯೊಳಗೂ ಬೆರಳುಗಳ ಸಂದಿಯಲ್ಲೂ ಉಣ್ಣೆಗಳು ಕಿಕ್ಕಿರಿದಿದ್ದವು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಸೋಂಕಿನಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕುಸಿಯುತ್ತದೆ. ನಾಯಿಯ ರಕ್ತದಲ್ಲಿ ಒಂದು ಮೈಕ್ರೊಲೀಟರಿಗೆ ಸುಮಾರು 2 ಲಕ್ಷದಿಂದ 5 ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ ಕೆಂಚಿಯಲ್ಲಿ ಬಹಳ ಕೆಳಗಿತ್ತು. ಹಾಗೆಯೇ ಚಾಕು ಹಚ್ಚಿದರೆ ರಕ್ತ ನಿಲ್ಲುವುದಿಲ್ಲ, ತಡಮಾಡಿದರೆ ಮೂಳೆ ಕೈಗೆ ಸಿಗುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಆರಂಭಿಸಿ, ದಿನವೂ ಎಣಿಕೆ ನೋಡುತ್ತ, ಸುರಕ್ಷಿತವೆನಿಸುವ ಮಟ್ಟ ಮುಟ್ಟಿದ ದಿನವೇ ಮೇಜಿಗೆ ಹತ್ತಿಸುವುದು ಎಂದು ತೀರ್ಮಾನಿಸಿದೆವು.

ಮೊದಲು ರೋಗ, ಆಮೇಲೆ ಗಾಯ ಎಂಬ ಈ ಕ್ರಮಕ್ಕೆ ಪ್ರಪಂಚಕ್ಕೆಲ್ಲ ತಿಳಿದ ಒಂದು ನಿದರ್ಶನವಿದೆ. ಫಿಲಿಪ್ಪೀನ್ಸ್ ದೇಶದ ಜಾಂಬೊಅಂಗಾ ನಗರದ ಕಬಾಂಗ್ ಎಂಬ ಹೆಣ್ಣುನಾಯಿ 2011ರ ಡಿಸೆಂಬರಿನಲ್ಲಿ ಮೋಟಾರ್‌ಸೈಕಲ್ಲಿಗೆ ಸಿಕ್ಕಿ ಮೂತಿಯ ಮೇಲ್ಭಾಗವನ್ನೇ ಕಳೆದುಕೊಂಡಿತು. ಸಾಕಿದವರ ಮನೆಯ ಇಬ್ಬರು ಹೆಣ್ಣುಮಕ್ಕಳು ಆ ವಾಹನಕ್ಕೆ ಸಿಕ್ಕದೆ ಉಳಿದದ್ದು ಅದು ಅಡ್ಡ ಹಾರಿದ್ದರಿಂದ ಎಂದು ಊರೇ ಹೇಳಿತು. ದೇಶವಿದೇಶಗಳ ಜನ ಹಣ ಕೂಡಿಸಿ 2012ರ ಅಕ್ಟೋಬರಿನಲ್ಲಿ ಅದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶು ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿನ ವೈದ್ಯರು ಬಂದ ಕೂಡಲೇ ಮುಖಕ್ಕೆ ಕೈ ಹಾಕಲಿಲ್ಲ. ನಾಯಿಯಿಂದ ನಾಯಿಗೆ ಅಂಟುವ ಒಂದು ಬಗೆಯ ಗಡ್ಡೆಯೂ ಹೃದಯದ ಹುಳುವೂ ಅದಕ್ಕೆ ಇದ್ದುದು ತಿಳಿದು, ತಿಂಗಳುಗಟ್ಟಲೆ ಆ ಎರಡಕ್ಕೂ ಚಿಕಿತ್ಸೆ ಕೊಟ್ಟು, 2013ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಹೊಸ ಮೂತಿಯನ್ನು ಕಟ್ಟಿಕೊಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ. ತೆರೆದ ಗಾಯವನ್ನು ಮುಚ್ಚಿ, ಉಸಿರಾಡಲು ದಾರಿ ಬಿಡಿಸಿ, ಅದೇ ವರ್ಷ ಊರಿಗೆ ಕಳುಹಿಸಿದರು. ನೋಡುವವರ ಕಣ್ಣಿಗಾಗಿ ಏನೊಂದನ್ನೂ ಮಾಡದೆ ನಾಯಿಗೆ ಬೇಕಾದಷ್ಟನ್ನೇ ಮಾಡಿದ ಆ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ. ಕಬಾಂಗ್ 2021ರವರೆಗೆ ಬದುಕಿತ್ತು.

ಕೆಂಚಿಗೆ ಮನೆ ಸಿಕ್ಕಿದ್ದು ಆ ಕಾಯುವಿಕೆಯ ದಿನಗಳಲ್ಲೇ. ನಿವೃತ್ತ ಮೇಷ್ಟ್ರೊಬ್ಬರು, ಅವರ ಪತ್ನಿ, ನೆಲಮಹಡಿಯ ಮನೆ, ಗೇಟು ಇರುವ ಅಂಗಳ. ಅವರ ಹಳೆಯ ನಾಯಿ ಹಿಂದಿನ ವರ್ಷ ತೀರಿಹೋಗಿತ್ತು. ಟೀ ಅಂಗಡಿಯ ಆಕೆ ಬೆಳಗಿನ ವಾಕಿಂಗಿಗೆ ಬರುವವರಿಗೆಲ್ಲ ಹೇಳಿಟ್ಟಿದ್ದರಿಂದ ವಿಷಯ ಅವರ ಕಿವಿಗೆ ಬಿದ್ದಿತ್ತು. ಅವರು ಆಸ್ಪತ್ರೆಗೆ ಬಂದಾಗ ನಾನು ನಾಯಿಯನ್ನು ತೋರಿಸುವ ಮೊದಲೇ ಕಷ್ಟಗಳನ್ನೆಲ್ಲ ವಿವರಿಸಿದೆ. ಕಾಲು ಸ್ವಲ್ಪ ಗಿಡ್ಡವಾಗಬಹುದು, ಮೊಣಕಾಲು ಬಿಗಿಯಬಹುದು, ಕೊನೆಗೆ ಕಾಲು ತೆಗೆಯುವ ಸ್ಥಿತಿಯೂ ಬರಬಹುದು. ಮೇಷ್ಟ್ರು ಸುಮ್ಮನೆ ಕೇಳಿಸಿಕೊಂಡರು. ಅವರ ಪತ್ನಿ, "ಮೂರೇ ಕಾಲಾದ್ರೂ ನಮ್ಮನೇಗೇ ಬರುತ್ತೆ ಅಲ್ವಾ ಡಾಕ್ಟ್ರೇ? ನೀವು ಉಳಿಸೋಕೆ ನೋಡಿ" ಎಂದರು. ಆ ಮಾತಿನ ಬಲದ ಮೇಲೆ ನಾನು ಪಿನ್ನಿನ ದಾರಿ ಹಿಡಿದೆ.

ಆಪರೇಷನ್ನಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಅರಿವಳಿಕೆಯ ಜೊತೆಗೆ ಸೊಂಟದಿಂದ ಕೆಳಗೆ ಮರಗಟ್ಟಿಸುವ ಚುಚ್ಚುಮದ್ದನ್ನೂ ಕೊಟ್ಟಿದ್ದೆವು, ಅದರಿಂದ ಎಚ್ಚರವಾದ ಮೇಲೂ ಕೆಲವು ಗಂಟೆ ನೋವು ಕಾಡುವುದಿಲ್ಲ. ಮೊಣಕಾಲಿನ ಪಕ್ಕದಲ್ಲಿ ತೆರೆದು, ಚಿಪ್ಪನ್ನು ಬದಿಗೆ ಸರಿಸಿ, ಹಿಂದಕ್ಕೆ ಜಾರಿದ್ದ ತುದಿಯನ್ನು ನಿಧಾನವಾಗಿ ಮುಂದಕ್ಕೆ ತಂದು ಕೂರಿಸಿ, ನುಣುಪಾದ ಎರಡು ಪಿನ್ನುಗಳನ್ನು ಒಂದನ್ನೊಂದು ದಾಟುವಂತೆ ಸೇರಿಸಿದೆ. ತಿರುಪು ಇರುವ ಪಿನ್ನಿನ ಬದಲು ನುಣುಪಾದದ್ದನ್ನೇ ಬಳಸುವುದು ಬೆಳೆಯುವ ಪದರಕ್ಕೆ ಅಡ್ಡಿಯಾಗದಿರಲಿ ಎಂದು. ರಕ್ತಸ್ರಾವ ನಾವು ಹೆದರಿದಷ್ಟು ಆಗಲಿಲ್ಲ.

ನನ್ನ ಕೆಲಸ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು, ಮೇಷ್ಟ್ರ ಮನೆಯವರ ಕೆಲಸ ಶುರುವಾಯಿತು. ಎಳೆಯ ನಾಯಿಗಳಲ್ಲಿ ತೊಡೆಮೂಳೆ ಮುರಿದ ನಂತರ ಕಾಲನ್ನು ಹಾಗೆಯೇ ನೇರವಾಗಿ ಚಾಚಿಕೊಂಡಿರಲು ಬಿಟ್ಟರೆ, ತೊಡೆಯ ಮುಂಭಾಗದ ಸ್ನಾಯುಗಳು ಗಾಯದ ಜಾಗದಲ್ಲಿ ಮೂಳೆಗೆ ಅಂಟಿಕೊಂಡು ಕುಗ್ಗುತ್ತವೆ. ಕೆಲವೇ ವಾರಗಳಲ್ಲಿ ಮೊಣಕಾಲು ಮಡಚಲಾರದಂತೆ ಬಿಗಿದುಕೊಂಡು, ಕಾಲು ಒಣಕಟ್ಟಿಗೆಯಂತೆ ಹಿಂದಕ್ಕೆ ಚಾಚಿ ನಿಲ್ಲುತ್ತದೆ. ಒಮ್ಮೆ ಹಾಗಾದರೆ ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಚೆನ್ನಾಗಿ ಕೂಡಿದ್ದರೂ ಆ ಕಾಲು ಕೆಲಸಕ್ಕೆ ಬಾರದು, ಬಿಡಿಸುವ ಶಸ್ತ್ರಚಿಕಿತ್ಸೆಯ ಫಲಿತಾಂಶವೂ ಅಷ್ಟಕ್ಕಷ್ಟೇ. ಆರೈಕೆಗೆ ಜನವಿಲ್ಲದ ಕಡೆ ಆಪರೇಷನ್ ಆದ ಎಳೆಯ ನಾಯಿಗಳು ಹೀಗೆ ಕಾಲು ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಇದನ್ನು ತಪ್ಪಿಸುವ ದಾರಿ ಒಂದೇ. ಮೊದಲ ದಿನಗಳಿಂದಲೇ ಮೊಣಕಾಲನ್ನು ಮಡಚಿ ಬಿಡಿಸುವ ವ್ಯಾಯಾಮವನ್ನು ತಪ್ಪದೆ ಮಾಡಿಸಬೇಕು.

ಅದನ್ನು ಮಾಡುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ನಾಯಿಯನ್ನು ಒಳ್ಳೆಯ ಕಾಲು ಕೆಳಗಾಗುವಂತೆ ಮಗ್ಗುಲಿಗೆ ಮಲಗಿಸಬೇಕು. ನೋವಿನ ಔಷಧಿ ಕೊಟ್ಟು ಸ್ವಲ್ಪ ಹೊತ್ತಾಗಿರಬೇಕು. ಒಂದು ಅಂಗೈಯಲ್ಲಿ ತೊಡೆಗೆ ಆಧಾರ ಕೊಟ್ಟು, ಇನ್ನೊಂದರಲ್ಲಿ ಹಿಮ್ಮಡಿಯ ಮೇಲಿನ ಭಾಗ ಹಿಡಿದು, ಸೈಕಲ್ ತುಳಿಯುವಾಗ ಕಾಲು ಹೇಗೆ ಚಲಿಸುತ್ತದೋ ಹಾಗೆ ಮೆಲ್ಲಗೆ ಮಡಚಿ ಚಾಚಬೇಕು. ನಾಯಿ ತಲೆ ತಿರುಗಿಸಿ ನಿಮ್ಮ ಕೈಯನ್ನು ನೋಡಿದರೆ, ತುಟಿ ನೆಕ್ಕಿದರೆ, ಅದಕ್ಕಿಂತ ಮುಂದೆ ಒತ್ತಬಾರದು. ಪ್ರತಿ ಸಲಕ್ಕೆ ಹತ್ತು ಹದಿನೈದು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಮೇಷ್ಟ್ರ ಪತ್ನಿ ಇದನ್ನು ತಮ್ಮ ದಿನಚರಿಗೆ ಹೊಂದಿಸಿಕೊಂಡ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಬೆಳಗ್ಗೆ ಕಾಫಿ ಆದ ಮೇಲೆ ಒಮ್ಮೆ, ಅಡುಗೆ ಮುಗಿಸಿ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ, ಮಲಗುವ ಮುಂಚೆ ಇನ್ನೊಮ್ಮೆ.

ಮನೆಯನ್ನೂ ಸ್ವಲ್ಪ ಬದಲಿಸಬೇಕಾಯಿತು. ಅವರ ಮನೆಯದು ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ, ಕನ್ನಡಿಯಂತೆ ಹೊಳೆಯುವಂಥದ್ದು. ಮುರಿದ ಕಾಲು ಕೂಡುತ್ತಿರುವ ನಾಯಿ ಅಂಥ ನೆಲದಲ್ಲಿ ಒಮ್ಮೆ ಜಾರಿದರೆ ಸಾಕು. ಹಾಸಿಗೆಯಿಂದ ಅಂಗಳದ ಬಾಗಿಲವರೆಗೆ ಗೋಣಿತಾಟುಗಳನ್ನೂ ಹಳೆಯ ಜಮಖಾನಗಳನ್ನೂ ಹಾಸಿ ಒಂದು ದಾರಿ ಮಾಡಿದರು. ಮೂಲೆಯೊಂದಕ್ಕೆ ಮಂಚದ ಹಲಗೆ ಅಡ್ಡವಿಟ್ಟು ಸಣ್ಣ ಗೂಡಿನಂಥ ಜಾಗ ಮಾಡಿದರು, ಕೆಂಚಿ ತಿರುಗಿ ಮಲಗಲು ಸಾಕಾಗುವಷ್ಟು, ಓಡಲು ಸಾಲದಷ್ಟು. ಮೂತ್ರಕ್ಕೆ ಕರೆದೊಯ್ಯುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಎತ್ತಿ ಹಿಡಿಯುತ್ತಿದ್ದರು. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನನ್ನು ಕನಿಕರಕ್ಕೆ ಬಿಚ್ಚಬೇಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಒಂದು ರಾತ್ರಿ ಬಿಚ್ಚಿದರೂ ಬೆಳಗಾಗುವುದರೊಳಗೆ ಹೊಲಿಗೆ ಕಿತ್ತು ಪಿನ್ನಿನವರೆಗೆ ಸೋಂಕು ಇಳಿಯಬಹುದು.

ದೇಹಕ್ಕಿಂತ ಮನಸ್ಸು ಮಾಗುವುದು ನಿಧಾನ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಮುಚ್ಚಿದ ಬಾಗಿಲು, ಮಿಕ್ಸಿಯ ಶಬ್ದ, ತಿರುಗುವ ಫ್ಯಾನು ಎಲ್ಲವೂ ಹೊಸದು. ಮೊದಲ ಮೂರು ದಿನ ಅದು ಬೆದರಿ ಮೂಲೆ ಹಿಡಿಯುತ್ತದೆ, ಮೂರು ವಾರದಲ್ಲಿ ಮನೆಯ ವೇಳಾಪಟ್ಟಿ ಅರಿಯುತ್ತದೆ, ಮೂರು ತಿಂಗಳಿಗೆ ಇದು ತನ್ನದೇ ಮನೆ ಎಂಬ ಭರವಸೆ ಮೂಡುತ್ತದೆ ಎಂದು ದತ್ತು ಕೊಡಿಸುವವರು ಒಂದು ಸ್ಥೂಲ ಲೆಕ್ಕ ಹೇಳುವುದುಂಟು. ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಆದ್ದರಿಂದ ಹೊಸ ನಾಯಿ ಬಂದ ದಿನವೇ ನೆಂಟರಿಷ್ಟರನ್ನು ಕರೆದು ತೋರಿಸುವುದು, ಮಕ್ಕಳು ಸುತ್ತುಗಟ್ಟಿ ತಲೆ ಸವರುವುದು, ಫೋಟೋ ತೆಗೆಯುವುದು ಬೇಡ. ಮೇಷ್ಟ್ರು ಮೊದಲ ದಿನಗಳಲ್ಲಿ ಮಾಡಿದ್ದು ಇಷ್ಟೇ: ಗೂಡಿನಿಂದ ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು, ಅದರ ಕಡೆ ನೋಡದೆ, ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತ ಕೂರುವುದು. ದನಿಯ ಪರಿಚಯವಾದ ಮೇಲೆ ಕೆಂಚಿ ತಾನಾಗಿಯೇ ಹತ್ತಿರ ಬಂದು ಅವರ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗತೊಡಗಿತು.

ದತ್ತು ಪಡೆಯಲು ಮುಂದಾಗುವವರನ್ನು ಬಹಳ ಪ್ರಶ್ನೆ ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಮನೆಯಲ್ಲಿ ಎಲ್ಲರಿಗೂ ಇಷ್ಟವಿದೆಯೇ, ಹಬ್ಬಕ್ಕೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವ ಯೋಚನೆ ಇದೆಯೇ ಎಂದು ಕೇಳಲೇಬೇಕು. ಆಪರೇಷನ್ ಆದ ನಾಯಿಯಾದರೆ ಮೂರು ತಿಂಗಳು ಮರುತಪಾಸಣೆಗೆ ಕರೆತರಲು ಸಾಧ್ಯವೇ ಎಂದೂ ಕೇಳಬೇಕು. ಒಮ್ಮೆ ಮನೆ ಸೇರಿದ ನಾಯಿ ಮತ್ತೆ ಹೊರಗೆ ಬಿದ್ದರೆ ಅದಕ್ಕೆ ಹಳೆಯ ಬೀದಿಯೂ ಇಲ್ಲ, ಹೊಸ ಮನೆಯೂ ಇಲ್ಲ. ರೇಬೀಸ್ ಲಸಿಕೆ, ಇತರ ಸೋಂಕುಗಳ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಇವು ದತ್ತಿನ ಷರತ್ತಾಗಿಯೇ ಇರಬೇಕು. ಕೆಂಚಿಗೆ ಸಂತಾನಹರಣವನ್ನು ಮೂಳೆ ಪೂರ್ತಿ ಕೂಡಿದ ನಂತರ ಮಾಡಿದೆವು.

ಇನ್ನೊಂದು ಮಾತು. ಗಾಯಗೊಂಡ ಜಾತಿನಾಯಿಗೆ ಮನೆ ಸಿಗುವಷ್ಟು ಸುಲಭವಾಗಿ ನಾಡನಾಯಿಗೆ ಸಿಗುವುದಿಲ್ಲ. ಇದು ನನಗೆ ನೋವು ತರುವ ಸಂಗತಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಅದರ ಪ್ರಕಾರ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ರಾಜ ಬೇಕಾದ್ದನ್ನು ಕೇಳಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟು, ಪೂಜೆಗಾಗಿ ಭೂಮಿಯನ್ನೂ ಬಿಟ್ಟರು. ಹೀಗೆ ನಾಯಿಗೆ ಕಲ್ಲು ನೆಟ್ಟ ನೆಲದ ಜನ ಈ ನೆಲದ್ದೇ ನಾಯಿಯನ್ನು ಕೀಳಾಗಿ ಕಾಣಲು ಕಾರಣವಿಲ್ಲ. ವೈದ್ಯನಾಗಿ ಹೇಳುವುದಾದರೆ ನಾಡನಾಯಿ ಈ ಹವೆಗೆ ಹೊಂದಿದ ಮೈಕಟ್ಟಿನದು, ಉಸಿರಾಟದ ತೊಂದರೆ ಕೊಡುವ ಚಪ್ಪಟೆ ಮೂತಿಯಂಥ ಹುಟ್ಟುದೋಷಗಳು ಅದಕ್ಕಿಲ್ಲ, ಗಾಯದಿಂದ ಚೇತರಿಸಿಕೊಳ್ಳುವ ಶಕ್ತಿಯೂ ಚೆನ್ನಾಗಿದೆ.

ಎಲ್ಲ ಗಾಯಾಳುಗಳಿಗೂ ಮನೆ ಸಿಗುವುದಿಲ್ಲ ಎಂಬುದು ನಿಜ. ಬೆಂಗಳೂರೊಂದರಲ್ಲೇ 2023ರ ಸಮೀಕ್ಷೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ ಎಂದು ಅಂದಾಜಾಯಿತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮಾಡಿ ಲಸಿಕೆ ಹಾಕಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಚರ್ಮದ ಗಾಯ, ಹುಳ ಬಿದ್ದ ಗಾಯ, ವಿಂಕ್ರಿಸ್ಟಿನ್ ಚುಚ್ಚುಮದ್ದಿಗೆ ಕರಗುವ ಗಡ್ಡೆ ಇವುಗಳಿಂದ ಗುಣವಾದ ನಾಯಿ ತನ್ನ ಬೀದಿಗೆ, ಅನ್ನ ಹಾಕುವ ಕೈಗಳ ಬಳಿಗೆ ಹಿಂದಿರುಗುವುದೇ ಒಳ್ಳೆಯದು. ಅಂಥ ನಾಯಿಗೆ ಬಲವಂತದ ದತ್ತು ಬೇಕಿಲ್ಲ. ಮನೆ ಅತ್ಯಗತ್ಯವಾಗುವುದು ದೀರ್ಘ ಆರೈಕೆ ಬೇಡುವ ಮೂಳೆ ಮುರಿತಕ್ಕೆ, ಕಣ್ಣು ಹೋದದ್ದಕ್ಕೆ, ಹಿಂಭಾಗದ ಸ್ವಾಧೀನ ತಪ್ಪಿದ್ದಕ್ಕೆ. ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದರೂ ನೋವು ತಿಳಿಯದ ನಾಯಿ ಮತ್ತೆ ನಡೆಯುವ ಸಾಧ್ಯತೆ ಬಹಳ ಕಡಿಮೆ. ಗಾಲಿಬಂಡಿ ಕಟ್ಟಿ ಅದನ್ನು ಸಾಕಬಹುದು, ಆದರೆ ಮೂತ್ರಕೋಶವನ್ನು ದಿನಕ್ಕೆ ಹಲವು ಬಾರಿ ಕೈಯಿಂದ ಒತ್ತಿ ಖಾಲಿ ಮಾಡಿಸುವವರು ಇರಬೇಕು. ಅಂಥವರು ಇಲ್ಲದೆ ಗಾಯ ಮಾರಣಾಂತಿಕವಾಗಿದ್ದರೆ, ನಿಯಮಬದ್ಧವಾಗಿ, ಅರ್ಹ ಪಶುವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡುವುದನ್ನು ಕ್ರೌರ್ಯವೆಂದು ನಾನು ಎಣಿಸುವುದಿಲ್ಲ. ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು.

ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದಾರೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. 1962 ಎಂಬ ಉಚಿತ ಸಹಾಯವಾಣಿಯ ಸಂಚಾರಿ ಚಿಕಿತ್ಸಾಲಯಗಳು ಮುಖ್ಯವಾಗಿ ದನಕರುಗಳಿಗಾಗಿ ಇವೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳು ಗಾಯಾಳು ಪ್ರಾಣಿಗಳನ್ನು ನೋಡಿಕೊಳ್ಳುತ್ತವೆ, ಆದರೆ ಅವುಗಳ ಗೂಡುಗಳು ಸದಾ ತುಂಬಿರುತ್ತವೆ. ಎರಡು ತಿಂಗಳ ಮಟ್ಟಿಗೆ ಒಂದು ಕೋಣೆ ಬಿಟ್ಟುಕೊಡುವ ತಾತ್ಕಾಲಿಕ ಮನೆಯವರು ಸಿಕ್ಕರೆ ಅದು ಹಣದ ನೆರವಿಗಿಂತ ದೊಡ್ಡದು. ತಮ್ಮಲ್ಲಿ ಯಾರಾದರೂ ಅದಕ್ಕೆ ಸಿದ್ಧರಿದ್ದರೆ ನಿಮ್ಮ ಊರಿನ ಪಶುವೈದ್ಯರ ಬಳಿ ಹೆಸರು, ಫೋನ್ ನಂಬರು ಕೊಟ್ಟಿಡಿ. ಮುಂದಿನ ಎಕ್ಸ್‌ರೇ ನೋಡುವಾಗ ಅವರಿಗೆ ಆ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಕೆಂಚಿಯ ಮೂಳೆ ಒಂದು ತಿಂಗಳ ಎಕ್ಸ್‌ರೇಯಲ್ಲೇ ಚೆನ್ನಾಗಿ ಕೂಡಿತ್ತು. ಒಂದು ಪಿನ್ನು ಚರ್ಮದಡಿ ತುಸು ಹೊರಚಾಚಿದ್ದರಿಂದ ಎರಡನ್ನೂ ತೆಗೆದೆವು. ಎಡಗಾಲು ಬಲಗಾಲಿಗಿಂತ ಸ್ವಲ್ಪ ಗಿಡ್ಡ, ಮೊಣಕಾಲು ಪೂರ್ತಿ ಮಡಚುವುದಿಲ್ಲ, ಆದ್ದರಿಂದ ಅದು ಕೂರುವಾಗ ಆ ಕಾಲನ್ನು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಓಡುವಾಗ ವ್ಯತ್ಯಾಸ ಹುಡುಕಿ ನೋಡಬೇಕು. ಪೆಟ್ಟು ಬಿದ್ದ ಕೀಲಿನಲ್ಲಿ ವಯಸ್ಸಾದ ಮೇಲೆ ಸಂಧಿವಾತ ಬರುವ ಸಂಭವ ಹೆಚ್ಚು, ಮೈಭಾರ ಏರಿದಷ್ಟೂ ಅದು ಬೇಗ ಬರುತ್ತದೆ. ಅದಕ್ಕಾಗಿ ಪ್ರತಿ ವರ್ಷ ಲಸಿಕೆಗೆ ಕರೆತಂದಾಗ ಮೊದಲು ತೂಕ ನೋಡುತ್ತೇನೆ. ಹೋದ ಸಲ ತೂಕ ಏರಿತ್ತು. ರಾತ್ರಿಯ ರಾಗಿಮುದ್ದೆಯನ್ನು ಅರ್ಧಕ್ಕೆ ಇಳಿಸಲು ಮೇಷ್ಟ್ರ ಪತ್ನಿಯವರನ್ನು ಒಪ್ಪಿಸಿದ್ದೇನೆ.